ತೋಟದ ಮನೆಗೆ ಸೋಲಾರ್, ಜೊತೆಗೊಂದು ಗಾಳಿ ಫ್ಯಾನು: ಕಮ್ಮಿ ದುಡ್ಡಲ್ಲಿ ಎಷ್ಟು ಆಗುತ್ತೆ?

ಶಿರಾ_ತೋಟದಮನೆ
ಶಿರಾ–ಮಧುಗಿರಿ ಮಧ್ಯೆ ತೋಟದ ಮನೆ. ಊರೊಳಗೆ ನಿರಂತರ ಜ್ಯೋತಿ (ಮನೆಗಳಿಗೆ ದಿನವಿಡೀ ಕರೆಂಟ್ ಕೊಡೋ) ಲೈನಿದೆ, ನಮ್ಮದು ಪಂಪ್‌ಸೆಟ್ ಲೈನು. ತ್ರೀಫೇಸು 7 ಗಂಟೆ, ಅದೂ ಪಾಳಿ ಮೇಲೆ. ಮಿಕ್ಕ ಹೊತ್ತು ಸಿಂಗಲ್ ಫೇಸ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಡೀಬೇಕಾಗಿರೋದು 9 ವ್ಯಾಟಿನ 4 ಬಲ್ಬು, 2 ಫ್ಯಾನು, 32 ಇಂಚಿನ ಟಿವಿ, ವೈಫೈ, ಮೊಬೈಲ್ ಚಾರ್ಜು. ಮೋಟ್ರು ಇದರಲ್ಲಿ ಬೇಡ. ಬಜೆಟ್ 60 ಸಾವಿರ. ಮೋಲ್ಡ್ ಮನೆ, ದಕ್ಷಿಣಕ್ಕೆ ತೆಂಗಿನ ಸಾಲು. ಪ್ಯಾನಲ್, ಬ್ಯಾಟರಿ ಎಷ್ಟು ದೊಡ್ಡದು ಬೇಕು? ಇನ್ನೊಂದು, ಆಷಾಢದಲ್ಲಿ ಇಲ್ಲಿ ಗಾಳಿ ಜೋರು. ಹಳೇ ಸೀಲಿಂಗ್ ಫ್ಯಾನಿನ ಮೋಟ್ರಿಗೆ ಮ್ಯಾಗ್ನೆಟ್ ಅಂಟಿಸಿ ಕರೆಂಟ್ ತೆಗೆಯೋ ವಿಡಿಯೋಗಳು ಓಡಾಡ್ತಿವೆ. ಅದು ನಡೆಯೋ ಮಾತಾ?

ವೈರ್‌ಮ್ಯಾನ್_ಗೌರಿಬಿದನೂರು
ಅಣ್ಣ, ಅಂಗಡಿಗೆ ಹೋಗೋಕೆ ಮೊದಲು ಒಂದು ಹಾಳೆಲಿ ಲೆಕ್ಕ ಬರ್ಕೊಳ್ಳಿ. ಬಲ್ಬು 4, ದಿನಕ್ಕೆ 5 ಗಂಟೆ: 180 ವ್ಯಾಟ್ ಅವರ್. ಟಿವಿ 50 ವ್ಯಾಟು, 4 ಗಂಟೆ: 200. ವೈಫೈ 10 ವ್ಯಾಟು, ಆದರೆ 24 ಗಂಟೆ ಉರಿಯುತ್ತೆ: 240. ಮೊಬೈಲ್‌ಗಳು 40. ಫ್ಯಾನಲ್ಲೇ ಇರೋದು ವಿಷಯ. ಹಳೇ ಫ್ಯಾನು 75 ವ್ಯಾಟು, ಎರಡು ಫ್ಯಾನು 8 ಗಂಟೆ ತಿರುಗಿದರೆ 1,200. ಬಿಎಲ್‌ಡಿಸಿ ಫ್ಯಾನಾದರೆ 30 ವ್ಯಾಟು, ಅಷ್ಟೇ ಹೊತ್ತಿಗೆ 480. ಉಳಿಯೋ 720 ಅನ್ನೋದು 200 ವ್ಯಾಟಿನ ಪ್ಯಾನಲ್ ಒಂದು ದಿನ ಕೊಡೋ ಕರೆಂಟು. ಹಾಗಾಗಿ ಮೊದಲ ಖರ್ಚು ಫ್ಯಾನಿಗೆ, ಆಮೇಲೆ ಪ್ಯಾನಲಿಗೆ.

ಇಷ್ಟಕ್ಕೆ 1,140 ಆಯ್ತು. ಇದರ ಮೇಲೆ ಯಾರೂ ಎಣಿಸದ ಒಂದು ಗಿರಾಕಿ ಇದೆ: ಇನ್ವರ್ಟರ್. ಏನೂ ಲೋಡಿಲ್ಲದಿದ್ದರೂ ಆನ್ ಇದ್ದರೆ ಸಾಕು, ಸುಮಾರು 15 ವ್ಯಾಟ್ ತಿಂತಾನೇ ಇರುತ್ತೆ. 24 ಗಂಟೆಗೆ 360. ಒಟ್ಟು 1,500 ಇಟ್ಕೊಳ್ಳಿ.

ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ, ನಮ್ಮ ಮೂರು ಜಿಲ್ಲೆಗೂ ವರ್ಷದ ಸರಾಸರಿ ದಿನಕ್ಕೆ 5 ಗಂಟೆ ಪೂರ್ತಿ ಬಿಸಿಲು ಅಂತ ಹಿಡೀಬಹುದು. 540 ವ್ಯಾಟಿನ ಒಂದು ಪ್ಯಾನಲು, 5 ಗಂಟೆ, ಅದರಲ್ಲಿ ಶಾಖ, ಧೂಳು, ವೈರು, ಬ್ಯಾಟರಿ ಎಲ್ಲ ಸೇರಿ 30% ಕಳೀರಿ: 1,890. ಸಾಕು. ಮೋಡದ ತಿಂಗಳಲ್ಲಿ ಬಿಸಿಲು ಮೂರೂವರೆ ಗಂಟೆಗೆ ಇಳಿದರೆ 1,320 ಬರುತ್ತೆ. ಆಗ ಟಿವಿ ಕಮ್ಮಿ ನೋಡಬೇಕು, ವೈಫೈ ರಾತ್ರಿ ಆರಿಸಬೇಕು.

ದುಡ್ಡಿನ ಅಂದಾಜು: ಪ್ಯಾನಲ್ 12 ಸಾವಿರ, 40 ಆಂಪಿನ ಎಂಪಿಪಿಟಿ (ಪ್ಯಾನಲ್ ಕರೆಂಟನ್ನ ಬ್ಯಾಟರಿಗೆ ಹೊಂದಿಸಿ ತುಂಬೋ ಕಂಟ್ರೋಲರ್) 7, ಲಿಥಿಯಂ 12.8 ವೋಲ್ಟ್ 100 ಆಂಪ್ ಅವರ್ ಬ್ಯಾಟರಿ 25, ಪ್ಯೂರ್ ಸೈನ್ ಇನ್ವರ್ಟರ್ ಐದೂವರೆ, ಸ್ಟ್ಯಾಂಡು ಮೂರೂವರೆ, ವೈರು, ಎಂಸಿಬಿ, ಫ್ಯೂಸು, ಅರ್ಥಿಂಗ್ ಎಲ್ಲ ಸೇರಿ 5. ಒಟ್ಟು 58. ರೇಟು ಊರಿಂದೂರಿಗೆ ಹೆಚ್ಚುಕಮ್ಮಿ ಆಗುತ್ತೆ. ಫ್ಯಾನು ಬೇರೆ.

ಇನ್ನೊಂದು ಮಾತು ಈಗಲೇ ಹೇಳಿಬಿಡ್ತೀನಿ. ಗೃಹಜ್ಯೋತಿಲಿ ಸೊನ್ನೆ ಬಿಲ್ ಬರೋ ಮನೆಯವರು ಬಿಲ್ ಉಳಿಸೋಕೆ ಅಂತ ಇದನ್ನ ಮಾಡಿದರೆ ಹಾಕಿದ ದುಡ್ಡು ಹುಟ್ಟಲ್ಲ. ಕರೆಂಟೇ ಸರಿಯಾಗಿ ಬಾರದ ತೋಟದ ಮನೆಗೆ ಮಾತ್ರ ಈ ಲೆಕ್ಕ ಕೂಡಿಬರೋದು.

ಕೆಜಿಎಫ್_ಮಲ್ಲಿ
ಪಿಎಂ ಸೂರ್ಯಘರ್ ಸಬ್ಸಿಡಿ ತಗೊಳ್ಳಬಹುದಲ್ಲ? 1 ಕಿಲೋವ್ಯಾಟಿಗೆ 30 ಸಾವಿರ, 2ಕ್ಕೆ 60, 3ಕ್ಕೆ 78 ಸಾವಿರ ಕೊಡ್ತಾರಲ್ಲ.

ವೈರ್‌ಮ್ಯಾನ್_ಗೌರಿಬಿದನೂರು
ಅಕ್ಕ, ಅದು ಬೆಸ್ಕಾಂ ಲೈನಿಗೆ ಸೇರಿಸೋ ಸಿಸ್ಟಮ್‌ಗೆ. ನೋಂದಾಯಿತ ವೆಂಡರೇ ಹಾಕಬೇಕು, ಪ್ಯಾನಲಿನ ಸೆಲ್ಲೂ ದೇಶದಲ್ಲೇ ತಯಾರಾಗಿರಬೇಕು. ನಾವೇ ಕೂತು ಮಾಡ್ಕೊಂಡಿದ್ದಕ್ಕೆ ಸಿಗಲ್ಲ. ಅದಕ್ಕಿಂತ ಮುಖ್ಯ, ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಇನ್ವರ್ಟರ್ ಲೈನ್ ಹೋದ ತಕ್ಷಣ ತಾನೂ ಆಫ್ ಆಗುತ್ತೆ. ಕಂಬ ಹತ್ತಿದ ಲೈನ್‌ಮ್ಯಾನ್ ಪ್ರಾಣಕ್ಕೆ ಅಂತ ಮಾಡಿರೋ ಏರ್ಪಾಡು ಅದು. ನೆತ್ತಿ ಮೇಲೆ ಬಿಸಿಲಿದ್ದರೂ ಮನೆಲಿ ಕರೆಂಟಿರಲ್ಲ. ಶಿರಾ ಅಣ್ಣನ ತೊಂದರೆಗೆ ಅದು ಮದ್ದಲ್ಲ.

ಪ್ಯಾನಲ್_ಪಾವಗಡ
ಪಾವಗಡದ 2,050 ಮೆಗಾವ್ಯಾಟಿನ ಪಾರ್ಕಿಗೆ ಬೀಳೋ ಬಿಸಿಲೇ ನಿಮ್ಮ ತಾರಸಿಗೂ ಬೀಳೋದು, ಅದರಲ್ಲಿ ಅನುಮಾನ ಬೇಡ. ನೆರಳಿನ ಕಡೆ ನೋಡಿ.

ನಾವಿರೋದು ಹೆಚ್ಚುಕಮ್ಮಿ 13 ಡಿಗ್ರಿ ಅಕ್ಷಾಂಶದಲ್ಲಿ. ಪ್ಯಾನಲ್ ಮುಖ ದಕ್ಷಿಣಕ್ಕೆ, ಓರೆ 13ರಿಂದ 15 ಡಿಗ್ರಿ. ಪ್ಯಾನಲ್ ಉದ್ದ 2.28 ಮೀಟರ್ ಇದ್ದರೆ ಹಿಂದಿನ ಕಾಲು ಮುಂದಿನದಕ್ಕಿಂತ ಸುಮಾರು 55 ಸೆಂಟಿಮೀಟರ್ ಎತ್ತರ. 10 ಡಿಗ್ರಿಗಿಂತ ಚಪ್ಪಟೆ ಮಾಡಬೇಡಿ, ಕೆಳಗಿನ ಫ್ರೇಮಿನ ಅಂಚಲ್ಲಿ ಮಣ್ಣು ಕೆಸರಾಗಿ ನಿಂತು ಕೊನೇ ಸಾಲಿನ ಸೆಲ್ಲುಗಳನ್ನ ಮುಚ್ಚುತ್ತೆ.

ಡಿಸೆಂಬರ್ 21ರ ಹೊತ್ತಿಗೆ ಮಧ್ಯಾಹ್ನದ ಸೂರ್ಯ 53 ಡಿಗ್ರಿ ಎತ್ತರದಲ್ಲಿ, ದಕ್ಷಿಣಕ್ಕಿರ್ತಾನೆ. ತಾರಸಿ ಮಟ್ಟದಿಂದ 10 ಮೀಟರ್ ಮೇಲಕ್ಕೆದ್ದ ತೆಂಗಿನ ನೆರಳು ಆಗ ಏಳೂವರೆ ಮೀಟರ್ ಉತ್ತರಕ್ಕೆ ಬರುತ್ತೆ. ಬೆಳಗ್ಗೆ ಸಾಯಂಕಾಲ ಇನ್ನೂ ಉದ್ದ. ಜೂನಲ್ಲಿ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತೆ. ಅದಕ್ಕೇ ಬೇಸಿಗೆಲಿ ನೋಡಿ ‘ಇಲ್ಲಿ ನೆರಳೇ ಇಲ್ಲ’ ಅಂತ ಜಾಗ ಗುರುತು ಮಾಡಿದರೆ ಮಾರ್ಗಶಿರದಲ್ಲಿ ಪೆಟ್ಟು ಬೀಳುತ್ತೆ. ಪ್ಯಾನಲಿನೊಳಗೆ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್ ಇರ್ತವೆ, ನೆರಳು ಬಿದ್ದ ಭಾಗವನ್ನ ಬಿಟ್ಟು ಕರೆಂಟನ್ನ ಪಕ್ಕಕ್ಕೆ ದಾಟಿಸೋಕೆ. ಒಂದು ಗರಿ ಅಡ್ಡ ಬಂದರೂ ಮೂರನೇ ಒಂದು ಪಾಲು ಹೋಗಬಹುದು. ಮನೆಯ ಉತ್ತರದ ತುದಿಗೆ ಸರಿಸಿ. ಸಿಂಟೆಕ್ಸ್ ಟ್ಯಾಂಕಿನ ಪಕ್ಕ ಅಂತೂ ಬೇಡ.

ಸೆಕೆಂಡ್ ಹ್ಯಾಂಡ್ ಪ್ಯಾನಲ್ ಸಿಕ್ಕರೆ ತಗೊಳ್ಳಬಹುದು, ನೋಡಿ ತಗೊಳ್ಳಿ. ಹಿಂದಿನ ಬಿಳಿ ಹಾಳೆ ಉಬ್ಬಿದ್ದರೆ, ಜಂಕ್ಷನ್ ಬಾಕ್ಸ್ ಹತ್ತಿರ ಕಂದು ಸುಟ್ಟ ಕಲೆ ಇದ್ದರೆ, ಗಾಜು ಬಿರಿದಿದ್ದರೆ ಬಿಡಿ. ಮಧ್ಯಾಹ್ನ 12ಕ್ಕೆ ಓಪನ್ ವೋಲ್ಟೇಜೂ (ಏನೂ ಜೋಡಿಸದಾಗ ಬರೋದು) ಶಾರ್ಟ್ ಕರೆಂಟೂ (ಎರಡೂ ವೈರು ಸೇರಿಸಿದಾಗ ಹರಿಯೋದು) ಅಳೀರಿ. ವೋಲ್ಟೇಜ್ ಸರಿ ಬಂತು ಅಂತ ದುಡ್ಡು ಕೊಡಬೇಡಿ, ಅರ್ಧ ಸತ್ತ ಪ್ಯಾನಲೂ ವೋಲ್ಟೇಜ್ ಚೆನ್ನಾಗೇ ತೋರಿಸುತ್ತೆ. 540 ವ್ಯಾಟಿನ ಪ್ಯಾನಲಿನ ಶಾರ್ಟ್ ಕರೆಂಟು 13 ಆಂಪ್ ದಾಟುತ್ತೆ, ಸಾಮಾನ್ಯ ಮಲ್ಟಿಮೀಟರಿನ 10 ಆಂಪ್ ಫ್ಯೂಸು ಹಾರಿಹೋಗುತ್ತೆ. ಡಿಸಿ ಓದೋ ಕ್ಲಾಂಪ್ ಮೀಟರೇ ಬೇಕು. ಮನೆ ವೈರಿಂಗಿನವರ ಹತ್ರ ಇರೋದು ಹೆಚ್ಚಾಗಿ ಬರೀ ಎಸಿ ಓದೋದು.

ತೊಳೆಯೋದು: ಬೆಳಗ್ಗೆ ಬಿಸಿಲೇರೋ ಮೊದಲು, ಮಳೆ ನೀರು, ಮೆತ್ತನೆ ಬಟ್ಟೆ. ನಮ್ಮ ಕಡೆ ಬೋರ್ ನೀರು ಗಡುಸು, ಒಣಗಿದ ಮೇಲೆ ಬಿಳೀ ಪೊರೆ ಕಟ್ಟುತ್ತೆ, ಆಮೇಲೆ ಏನು ತಿಕ್ಕಿದರೂ ಹೋಗಲ್ಲ. ಕ್ರಷರ್ ಹತ್ತಿರದವರು ವಾರಕ್ಕೊಮ್ಮೆ ತೊಳೀಲೇಬೇಕು, ಇಬ್ಬನಿ ಬಿದ್ದು ಆ ಧೂಳು ಗಾರೆ ಥರ ಕೂತ್ಕೊಳುತ್ತೆ.

ಶಿರಾ_ತೋಟದಮನೆ
ಸ್ಟ್ಯಾಂಡು ಕೂರಿಸೋಕೆ ತಾರಸಿಗೆ ತೂತು ಹೊಡೀಬೇಕಾ? ಮನೆಲಿ ಒಪ್ತಿಲ್ಲ, ಸೋರುತ್ತೆ ಅಂತಾರೆ.

ಪ್ಯಾನಲ್_ಪಾವಗಡ
ಬೇಡ. ಗಾಳಿಗೆ ಏಳದ ಹಾಗೆ ಭಾರ ಕೊಟ್ಟರೆ ಸಾಕು. ಬೆಂಗಳೂರಿಗೆ ಕಟ್ಟಡದ ಕೋಡಿನಲ್ಲಿ ಹಿಡಿಯೋ ಗಾಳಿ ವೇಗ ಸೆಕೆಂಡಿಗೆ 33 ಮೀಟರ್, ನಮಗೂ ಅದನ್ನೇ ಹಿಡೀರಿ. ಆ ವೇಗದಲ್ಲಿ ಚದರ ಮೀಟರಿಗೆ ಸುಮಾರು 66 ಕೆ.ಜಿ. ಒತ್ತಡ ಬೀಳುತ್ತೆ. ಪ್ಯಾನಲ್ ವಿಸ್ತೀರ್ಣ 2.58 ಚದರ ಮೀಟರು, ಅಂದರೆ 170 ಕೆ.ಜಿ. ಮೇಲಕ್ಕೆತ್ತೋ ಶಕ್ತಿ. ಅಂಚಿನಲ್ಲಿ ಗಾಳಿ ಸುತ್ತಿ ಇನ್ನೂ ಹೆಚ್ಚಾಗಬಹುದು. ಒಂದಡಿ ಉದ್ದ, ಅಗಲ, ಎತ್ತರದ ಕಾಂಕ್ರೀಟ್ ದಿಮ್ಮಿ 68 ಕೆ.ಜಿ. ತೂಗುತ್ತೆ. ಪ್ರತಿ ಕಾಲಿಗೆ ಒಂದರಂತೆ ನಾಲ್ಕು ಹಾಕಿದರೆ 272, ಪ್ಯಾನಲಿನ 28 ಸೇರಿ 300. ದಿಮ್ಮಿ ಸುರಿಯುವಾಗಲೇ ಕಾಲಿನ ಬೋಲ್ಟು ಅದರೊಳಗೆ ನಿಲ್ಲಿಸಿ, ಅಡಿಗೆ ಹಳೇ ಟೈರಿನ ತುಂಡು ಇಡಿ. ತಾರಸಿಯ ಅಂಚಿಂದ ಒಂದು ಮೀಟರ್ ಒಳಗಿರಲಿ. ಕಾಲು ಜಿಐ ಆಗಿರಲಿ, ಬರೀ ಕಬ್ಬಿಣಕ್ಕೆ ಪೇಂಟ್ ಹೊಡೆದರೆ ಬೆಸುಗೆ ಜಾಗದಲ್ಲೇ ತುಕ್ಕು ಶುರುವಾಗುತ್ತೆ.

ಶೀಟ್ ಮನೆಯವರು ಈ ದಾರಿ ಹಿಡೀಬೇಡಿ. ಶೀಟಿನ ಮೇಲೆ ಭಾರ ಹಾಕದೆ ಕೆಳಗಿನ ಪರ್ಲಿನಿಗೇ (ಶೀಟ್ ಹೊತ್ತಿರೋ ಅಡ್ಡಪಟ್ಟಿಗೆ) ಬೋಲ್ಟ್ ಮಾಡಿ.

ವೈರ್‌ಮ್ಯಾನ್_ಗೌರಿಬಿದನೂರು
ವೈರಿನ ಲೆಕ್ಕ. ತಾಮ್ರದ ವೈರಿನಲ್ಲಿ ಬೀಳೋ ವೋಲ್ಟೇಜ್ = 0.0175 × ಹೋಗಿ ಬರೋ ಒಟ್ಟು ಉದ್ದ ಮೀಟರಿನಲ್ಲಿ × ಆಂಪ್ ÷ ವೈರಿನ ಸ್ಕ್ವೇರ್ ಎಂಎಂ. ಪ್ಯಾನಲಿಂದ ಕಂಟ್ರೋಲರಿಗೆ 10 ಮೀಟರು, ಹೋಗಿ ಬಂದು 20, 13 ಆಂಪು, 4 ಸ್ಕ್ವೇರ್ ಎಂಎಂ: 1.14 ವೋಲ್ಟ್. ಪ್ಯಾನಲಿನ 41 ವೋಲ್ಟಿನಲ್ಲಿ ಇದು 3%ಗೂ ಕಮ್ಮಿ, ಪರವಾಗಿಲ್ಲ. ಅದೇ ಕಂಟ್ರೋಲರನ್ನ ತಾರಸಿ ಮೇಲಿಟ್ಟು ಬ್ಯಾಟರಿಗೆ ಅದೇ ವೈರಲ್ಲಿ 40 ಆಂಪ್ ಇಳಿಸಿದರೆ ಮೂರೂವರೆ ವೋಲ್ಟ್ ಬೀಳುತ್ತೆ, ಬ್ಯಾಟರಿ ಯಾವತ್ತೂ ತುಂಬಲ್ಲ, ವೈರೂ ಸುಡುತ್ತೆ. ಉದ್ದ ಏನಿದ್ದರೂ ಪ್ಯಾನಲ್ ಕಡೆ ಇರಲಿ. ಕಂಟ್ರೋಲರ್ ಬ್ಯಾಟರಿ ಪಕ್ಕದಲ್ಲಿ, ಒಂದೂವರೆ ಮೀಟರಿನೊಳಗೆ, 10 ಸ್ಕ್ವೇರ್ ಎಂಎಂ ವೈರು. ಬ್ಯಾಟರಿಯಿಂದ ಇನ್ವರ್ಟರಿಗೆ 25 ಸ್ಕ್ವೇರ್ ಎಂಎಂ. 700 ವ್ಯಾಟ್ ಎಳೆದರೆ ಅಲ್ಲಿ 70 ಆಂಪ್ ಹತ್ತಿರ ಹರಿಯುತ್ತೆ.

ಫ್ಯೂಸು ಬ್ಯಾಟರಿಯ ಪ್ಲಸ್ ಕಂಬದಿಂದ ಒಂದಡಿ ಒಳಗೆ. ಇನ್ವರ್ಟರ್ ದಾರಿಗೆ 100 ಆಂಪ್, ಕಂಟ್ರೋಲರ್ ದಾರಿಗೆ 50. ಪ್ಯಾನಲ್ ಕಡೆಗೆ ಎರಡು ಪೋಲಿನ 25 ಆಂಪ್ ಡಿಸಿ ಎಂಸಿಬಿ. ಮನೇಲಿ ಬಿದ್ದಿರೋ ಎಸಿ ಎಂಸಿಬಿ ಹಾಕಬೇಡಿ. ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟುತ್ತೆ, ಕಿಡಿ ಅಲ್ಲೇ ಆರುತ್ತೆ. ಡಿಸಿ ಸೊನ್ನೆ ಮುಟ್ಟೋದೇ ಇಲ್ಲ, ಕಿಡಿ ಎಳ್ಕೊಂಡೇ ಇದ್ದು ಡಬ್ಬಿ ಕರಗುತ್ತೆ. ಡಿಸಿ ಎಂಸಿಬಿ ಮೇಲೆ ಪ್ಲಸ್ ಮೈನಸ್ ಗುರುತಿದ್ದರೆ ಹಾಗೇ ಕೂರಿಸಿ, ಉಲ್ಟಾ ಕೂರಿಸಿದರೂ ಅದೇ ಗತಿ.

ಪ್ಯಾನಲ್ ವೈರು ಜೋಡಿಸೋ ಎಂಸಿ4 ಕನೆಕ್ಟರನ್ನ ಕಟಿಂಗ್ ಪ್ಲೇಯರಿನಲ್ಲಿ ಅದುಮಿ ಬಿಡ್ತಾರೆ, ಬೇಡ. ಅದರ ಕ್ರಿಂಪಿಂಗ್ ಟೂಲನ್ನ ಒಂದು ದಿನಕ್ಕೆ ಬಾಡಿಗೆಗೋ ಎರವಲೋ ತನ್ನಿ. ಒಂದು ಕಂಪನಿಯ ಗಂಡಿಗೆ ಇನ್ನೊಂದು ಕಂಪನಿಯ ಹೆಣ್ಣು ಸಿಕ್ಕಿಸಿದರೂ ಬಿಸಿಯಾಗಿ ಕರಗೋದುಂಟು. ಲೋಡ್ ಇರುವಾಗ ಎಳೆದು ಬಿಚ್ಚಬೇಡಿ.

ಎಂಪಿಪಿಟಿ ಅಂತ ಮೇಲೆ ಬರೆದು ಒಳಗೆ ಬರೀ ಪಿಡಬ್ಲ್ಯುಎಂ (ಪ್ಯಾನಲಿನ ಹೆಚ್ಚಿನ ವೋಲ್ಟೇಜನ್ನ ಆಂಪಾಗಿ ಬದಲಿಸಲಾಗದ ಹಳೇ ಬಗೆ) ಇರೋ ಡಬ್ಬಿಗಳು ಸಾವಿರ ರೂಪಾಯಿಗೆ ಸಿಗ್ತವೆ. 540 ವ್ಯಾಟಿನ ಪ್ಯಾನಲಿಗೆ ಅದನ್ನ ಹಾಕಿದರೆ 13 ಆಂಪ್ × 13.5 ವೋಲ್ಟ್, ಅಂದರೆ 175 ವ್ಯಾಟು ಸಿಗುತ್ತೆ, ಮಿಕ್ಕಿದ್ದು ಹೋಯ್ತು. ಕಂಡುಹಿಡಿಯೋದು ಸುಲಭ: ಚೆನ್ನಾಗಿ ಬಿಸಿಲಿರುವಾಗ, ಬ್ಯಾಟರಿ ಖಾಲಿ ಇರುವಾಗ ಎರಡೂ ಕಡೆ ಕ್ಲಾಂಪ್ ಹಾಕಿ. ಪ್ಯಾನಲ್ ಕಡೆ 8 ಆಂಪ್ ಬಂದಾಗ ಬ್ಯಾಟರಿ ಕಡೆ 20 ದಾಟಿದ್ದರೆ ಅಸಲಿ. ಎರಡೂ ಕಡೆ ಒಂದೇ ಇದ್ದರೆ ವಾಪಸ್ ಕೊಡಿ.

ಮುಂದೆ ಎರಡನೇ ಪ್ಯಾನಲನ್ನ ಸೀರೀಸಲ್ಲಿ ಸೇರಿಸೋ ಆಸೆ ಇದ್ದರೆ, ಒಂದರ ಓಪನ್ ವೋಲ್ಟೇಜ್ 49.5, ಎರಡಕ್ಕೆ 99. ಆ ಸಂಖ್ಯೆ 25 ಡಿಗ್ರಿ ಶಾಖದ್ದು. ನಂದಿಬೆಟ್ಟದ ತಪ್ಪಲಿನ ಚಳಿಗಾಲದ ಬೆಳಗ್ಗೆ 10 ಡಿಗ್ರಿ ಇದ್ದರೆ 4% ಏರಿ 103 ಆಗುತ್ತೆ. 100 ವೋಲ್ಟ್ ಮಿತಿಯ ಕಂಟ್ರೋಲರ್ ಹೊಗೆ ಹಾಕುತ್ತೆ. 150 ವೋಲ್ಟಿನದೇ ತಗೊಳ್ಳಿ.

ಚಿಂತಾಮಣಿ_ಬ್ಯಾಟರಿ
ಲಿಥಿಯಂ ಅಂತ ಒಂದೇ ಮಾತಲ್ಲಿ ಹೇಳಿಬಿಟ್ರಿ. ಟ್ಯೂಬುಲರ್ (ಸೀಸ-ಆಸಿಡ್ ಬ್ಯಾಟರಿ) 150 ಆಂಪ್ ಅವರ್‌ದಕ್ಕೆ 14–15 ಸಾವಿರ ಅಷ್ಟೆ, ಹತ್ತು ಸಾವಿರ ಉಳಿಯುತ್ತೆ. ಕೆಟ್ಟರೆ ಇಲ್ಲೇ ನೋಡೋರಿದ್ದಾರೆ, ಹಳೇದಕ್ಕೆ ಗುಜರಿಲಿ ಸೀಸದ ಬೆಲೆನೂ ಬರುತ್ತೆ. ಅಗ್ಗದ ಲಿಥಿಯಂ ಪ್ಯಾಕಿನಲ್ಲಿ ಬಿಎಂಎಸ್ (ಸೆಲ್ಲುಗಳನ್ನ ಕಾಯೋ ಸರ್ಕ್ಯೂಟು) ಸತ್ತರೆ ಇಡೀ ಡಬ್ಬಿ ಕಲ್ಲು.

ವೈರ್‌ಮ್ಯಾನ್_ಗೌರಿಬಿದನೂರು
ಟ್ಯೂಬುಲರ್ 1,800 ವ್ಯಾಟ್ ಅವರ್, ಅರ್ಧಕ್ಕಿಂತ ಇಳಿಸಿದರೆ ಆಯಸ್ಸು ಕರಗುತ್ತೆ, ಹಾಗಾಗಿ 900. ಇವರಿಗೆ ಸೂರ್ಯ ಮುಳುಗಿದ ಮೇಲೆ ಬೇಕಿರೋದೇ 1,100 ಚಿಲ್ಲರೆ. ಲಿಥಿಯಂ 1,280ರಲ್ಲಿ 90% ತೆಗೆದರೂ ತಡೆಯುತ್ತೆ. ಬಿಗಿ ಇದೆ, ಒಪ್ತೀನಿ. ವೈಫೈಯನ್ನ 12 ವೋಲ್ಟಿನ ಡಿಸಿ ಕನ್ವರ್ಟರ್ ಮೂಲಕ ನೇರ ಬ್ಯಾಟರಿಗೆ ಕೊಟ್ಟು, ಫ್ಯಾನೂ 12 ವೋಲ್ಟಿನ ಬಿಎಲ್‌ಡಿಸಿ ಹಾಕಿ, ಟಿವಿ ನೋಡುವಾಗ ಮಾತ್ರ ಇನ್ವರ್ಟರ್ ಆನ್ ಮಾಡಿದರೆ ಆರಾಮು. ಕನ್ವರ್ಟರ್ ಇಲ್ಲದೆ ವೈಫೈ ನೇರ ಕೊಡಬೇಡಿ, ಚಾರ್ಜ್ ಆಗುವಾಗ 14.4 ಇರುತ್ತೆ.

ಚಿಂತಾಮಣಿ_ಬ್ಯಾಟರಿ
ಅಷ್ಟು ಹೇಳಿದ ಮೇಲೆ ಲಿಥಿಯಂ ಹಾಕೋರಿಗೂ ಎಚ್ಚರಿಕೆ. ಕಂಟ್ರೋಲರನ್ನ ಟ್ಯೂಬುಲರ್ ಮೋಡಲ್ಲೇ ಬಿಟ್ಟರೆ ಈಕ್ವಲೈಸ್ ಅಂತ 15 ವೋಲ್ಟಿನ ಹತ್ತಿರ ಏರಿಸುತ್ತೆ. ಬಿಎಂಎಸ್ ಕಟ್ ಮಾಡುತ್ತೆ. ಭರ್ತಿ ಕರೆಂಟ್ ಹರಿಯುವಾಗ ಬ್ಯಾಟರಿ ದಿಢೀರಂತ ಮಾಯವಾದರೆ ಕಂಟ್ರೋಲರಿನ ಔಟ್‌ಪುಟ್ ವೋಲ್ಟೇಜ್ ಜಿಗಿಯುತ್ತೆ, ಅದಕ್ಕೆ ತಗುಲಿದ ವೈಫೈ, ಇನ್ವರ್ಟರ್ ಎರಡಕ್ಕೂ ಅಪಾಯ. 14.2–14.4ಕ್ಕೆ ಮಿತಿ ಹಾಕಿ, ಫ್ಲೋಟ್ 13.5, ಈಕ್ವಲೈಸ್ ಆಫ್. ಬಿಡಿ ಸೆಲ್ ತಂದು ಪ್ಯಾಕ್ ಕಟ್ಟೋರು ನಾಲ್ಕೂ ಸೆಲ್ಲನ್ನ ಮೊದಲು ಪ್ಯಾರಲಲ್ ಮಾಡಿ 3.65 ವೋಲ್ಟಿಗೆ ತುಂಬಿಸಿ, ಆಮೇಲೆ ಸೀರೀಸ್ ಜೋಡಿಸಿ. ಈ ಕೆಲಸ ಬಿಟ್ಟರೆ ಒಂದು ಸೆಲ್ ಬೇಗ ತುಂಬಿ ಉಳಿದ ಮೂರೂ ಅರೆಹೊಟ್ಟೆಲಿ ನಿಲ್ಲುತ್ತವೆ.

ಟ್ಯೂಬುಲರ್ ಹಾಕೋರು: 540 ವ್ಯಾಟಿನ ಪ್ಯಾನಲ್ 40 ಆಂಪ್ ಕೊಡುತ್ತೆ, 150ರ ಬ್ಯಾಟರಿಗೆ ಅದು ಜಾಸ್ತಿ. ಕಂಟ್ರೋಲರಲ್ಲಿ 25–30ಕ್ಕೆ ಕಟ್ಟಿ. ನೀರು ಡಿಸ್ಟಿಲ್ಡ್ ಮಾತ್ರ. ಆರ್‌ಓ ನೀರೂ ಬೇಡ. ಗಾಳಿಯಾಡೋ ಜಾಗದಲ್ಲಿಡಿ, ತುಂಬುವಾಗ ಹೈಡ್ರೋಜನ್ ಬಿಡುತ್ತೆ, ದೇವರ ಮನೆ ಗೋಡೆ ಪಕ್ಕ ದೀಪದ ಹತ್ತಿರ ಬೇಡ. ಟ್ರ್ಯಾಕ್ಟರ್ ಬ್ಯಾಟರಿ ಇದೆ ಅಂತ ಯಾರೋ ಕೇಳೇ ಕೇಳ್ತಾರೆ: ಅದರ ಪ್ಲೇಟು ತೆಳು, ಇಂಜಿನ್ ಎಬ್ಬಿಸೋಕೆ ಮಾಡಿದ್ದು, ದಿನಾ ಪೂರ್ತಿ ಇಳಿಸಿದರೆ ಕೆಲವು ತಿಂಗಳಲ್ಲೇ ಮುಗೀತು.

ಲೇತ್_ಮಾಲೂರು
ಈಗ ಗಾಳಿ. ಸೀಲಿಂಗ್ ಫ್ಯಾನ್ ವಿಡಿಯೋ ಬಗ್ಗೆ ಮೊದಲು. ಆ ಮೋಟ್ರಿನ ವೈಂಡಿಂಗು 230 ವೋಲ್ಟಿನದು, ಕೂದಲಿನಂಥ ಸಣ್ಣ ತಂತಿ, ರೆಸಿಸ್ಟೆನ್ಸು ನೂರಾರು ಓಮ್. ಮ್ಯಾಗ್ನೆಟ್ ಹಾಕಿ ಕೈಯಲ್ಲಿ ತಿರುಗಿಸಿದರೆ ಮೀಟರ್ ನೂರು ವೋಲ್ಟ್ ತೋರಿಸುತ್ತೆ, ಎಲ್‌ಇಡಿ ಮಿಣುಕುತ್ತೆ, ವಿಡಿಯೋ ಅಲ್ಲಿಗೆ ಮುಗಿಯುತ್ತೆ. ಬ್ಯಾಟರಿಗೆ ಹಾಕಿ ನೋಡಿದರೆ ಕೆಲವೇ ವ್ಯಾಟು. ಮೇಲಾಗಿ ಮ್ಯಾಗ್ನೆಟ್ಟು ಸ್ಟೇಟರಿನ ಹಲ್ಲಿಗೆ ಕಚ್ಚಿಕೊಂಡು ಸಣ್ಣ ಗಾಳಿಗೆ ತಿರುಗೋದೇ ಇಲ್ಲ. ಕಾರಿನ ಆಲ್ಟರ್ನೇಟರೂ ಬೇಡ, ಅದಕ್ಕೆ ಸಾವಿರಕ್ಕಿಂತ ಮೇಲೆ ಆರ್‌ಪಿಎಂ ಬೇಕು, ಫೀಲ್ಡಿಗೇ 30–40 ವ್ಯಾಟ್ ಕೊಡಬೇಕು.

ಗಾಳಿಯಲ್ಲಿ ಎಷ್ಟಿದೆ ನೋಡಿ. ರೆಕ್ಕೆ ವ್ಯಾಸ ಒಂದೂವರೆ ಮೀಟರು. ನಾವು ಸಮುದ್ರಮಟ್ಟಕ್ಕಿಂತ 800 ಮೀಟರ್ ಆಸುಪಾಸು ಎತ್ತರದಲ್ಲಿರೋದರಿಂದ ಗಾಳಿ ಸ್ವಲ್ಪ ತೆಳು, ಘನ ಮೀಟರಿಗೆ 1.08 ಕೆ.ಜಿ. ಹಿಡೀರಿ. ಮನೇಲಿ ಮಾಡಿದ ಯಂತ್ರ ಗಾಳಿಯ ಶಕ್ತಿಲಿ ಐದನೇ ಒಂದು ಪಾಲು ಬ್ಯಾಟರಿಗೆ ತಂದರೆ ಅದೇ ಹೆಚ್ಚು. ಸೆಕೆಂಡಿಗೆ 3 ಮೀಟರ್ ಗಾಳಿಗೆ 5 ವ್ಯಾಟು, 5 ಮೀಟರಿಗೆ 24, 8 ಮೀಟರಿಗೆ ಸುಮಾರು 100. ವೇಗ ದುಪ್ಪಟ್ಟಾದರೆ ಶಕ್ತಿ ಎಂಟು ಪಟ್ಟು, ಎಲ್ಲ ಆಟ ಇದರಲ್ಲೇ. ಬಯಲಲ್ಲಿ ಆಷಾಢದ ಸರಾಸರಿ 5 ಸಿಕ್ಕರೆ ದಿನಕ್ಕೆ ಅರ್ಧ ಯೂನಿಟ್ ಮೇಲೆ. ಮಾಘ–ಫಾಲ್ಗುಣದಲ್ಲಿ 3ಕ್ಕೆ ಇಳಿದರೆ 120 ವ್ಯಾಟ್ ಅವರ್, ವೈಫೈಗೂ ಸಾಲದು. ಆ ಅರ್ಧ ಯೂನಿಟ್ಟನ್ನ ಮೋಡದ ದಿನದಲ್ಲೂ ಇನ್ನೊಂದು 250 ವ್ಯಾಟ್ ಪ್ಯಾನಲ್ ಕೊಡುತ್ತೆ, ಆರು ಸಾವಿರಕ್ಕೆ. ಕಂಬ, ಗೈ ವೈರು (ಕಂಬ ಎಳೆದು ಹಿಡಿಯೋ ತಂತಿ), ಜನರೇಟರ್ ಸೇರಿ ಗಾಳಿಗೆ 25–30 ಸಾವಿರ ಸುಲಭವಾಗಿ ಖರ್ಚಾಗುತ್ತೆ.

ಶಿರಾ_ತೋಟದಮನೆ
ಪಕ್ಕದ ಚಿತ್ರದುರ್ಗದ ಗುಡ್ಡದ ಮೇಲೆಲ್ಲ ಗಾಳಿಯಂತ್ರ ನಿಲ್ಲಿಸಿದ್ದಾರಲ್ಲ ಅಣ್ಣ, ಅಲ್ಲಿ ನಡೆಯೋದು ಇಲ್ಲಿ ಯಾಕಾಗಲ್ಲ?

ಲೇತ್_ಮಾಲೂರು
ಅವು ಗುಡ್ಡದ ನೆತ್ತಿ ಮೇಲೆ, ಅದರ ಮೇಲೆ ಹತ್ತಾರು ಮೀಟರ್ ಕಂಬ. ನಿಮ್ಮ ತೆಂಗಿನ ಸಾಲಿನ ಹಿಂದೆ ಗಾಳಿ ಸುಳಿ ಸುಳಿಯಾಗಿ ಬರುತ್ತೆ, ರೆಕ್ಕೆ ಅತ್ತ ಇತ್ತ ಮುಖ ತಿರುಗಿಸೋದರಲ್ಲೇ ಕಾಲ ಕಳೆಯುತ್ತೆ. ಸುತ್ತ ನೂರು ಮೀಟರ್ ಒಳಗೆ ಇರೋ ಮರ, ಮನೆಗಿಂತ 10 ಮೀಟರ್ ಎತ್ತರದಲ್ಲಿ ನಿಲ್ಲಬೇಕು ಅನ್ನೋದು ಲೆಕ್ಕ. ಬಟಾಬಯಲಲ್ಲೂ 3 ಮೀಟರಿಂದ 9 ಮೀಟರಿಗೆ ಏರಿಸಿದರೆ ಸಿಗೋ ಶಕ್ತಿ ಒಂದೂವರೆ ಪಟ್ಟು ದಾಟುತ್ತೆ. ತಾರಸಿ ಮೇಲೆ ನಿಲ್ಲಿಸೋ ಯೋಚನೆ ಬಿಟ್ಟುಬಿಡಿ, ರಾತ್ರಿಯೆಲ್ಲ ಗೋಡೆ ಗುಂಯ್‌ಗುಡುತ್ತೆ.

ಆದರೂ ಮಾಡೇ ಮಾಡ್ತೀನಿ ಅನ್ನೋರಿಗೆ ಅಗ್ಗದ ದಾರಿ ಗುಜರಿಲಿ ಸಿಗೋ ಎಲೆಕ್ಟ್ರಿಕ್ ಸ್ಕೂಟರಿನ ಹಬ್ ಮೋಟ್ರು. ಗೇರಿಲ್ಲದ್ದು ನೋಡಿ ತಗೊಳ್ಳಿ, ಗೇರಿದ್ದರೆ ಒಳಗೆ ಫ್ರೀವೀಲ್ ಇದ್ದು ಹಿಂದಕ್ಕೆ ಕರೆಂಟ್ ಕೊಡದೇ ಇರಬಹುದು. ಮೂರು ದಪ್ಪ ವೈರಲ್ಲಿ ಯಾವ ಎರಡನ್ನ ಶಾರ್ಟ್ ಮಾಡಿದರೂ ತಿರುಗಿಸೋಕೆ ಗಟ್ಟಿಯಾಗಬೇಕು, ಹಾಗಾದರೆ ಮೋಟ್ರು ಸರಿ ಇದೆ. ಶಾಫ್ಟ್ ನಿಂತಿರುತ್ತೆ, ಬಾಡಿ ತಿರುಗುತ್ತೆ, ಹಾಗಾಗಿ ರೆಕ್ಕೆಯನ್ನ ಬಾಡಿಗೇ ಬೋಲ್ಟ್ ಮಾಡಬಹುದು. ಮೂರೂ ವೈರನ್ನ ಕಂಬದ ಕೆಳಗಿನವರೆಗೆ ಎಸಿಯಾಗೇ ಇಳಿಸಿ, ಅಲ್ಲಿ ಎಸಿಯನ್ನ ಡಿಸಿ ಮಾಡೋ ತ್ರೀಫೇಸ್ ಬ್ರಿಡ್ಜ್ ರೆಕ್ಟಿಫೈಯರು. 48 ವೋಲ್ಟಿನ ಮೋಟ್ರು 500 ಆರ್‌ಪಿಎಂದಾದರೆ 12 ವೋಲ್ಟು 125ಕ್ಕೇ ಬರುತ್ತೆ. ಒಳ್ಳೇದಲ್ವಾ ಅನ್ನಿಸುತ್ತೆ. ಆದರೆ ಒಂದೂವರೆ ಮೀಟರಿನ ರೆಕ್ಕೆ 4 ಮೀಟರ್ ಗಾಳಿಗೆ 300 ಆರ್‌ಪಿಎಂ ತಿರುಗೋಕೆ ಇಷ್ಟಪಡುತ್ತೆ, 12 ವೋಲ್ಟಿನ ಬ್ಯಾಟರಿ ಅದನ್ನ ಅರ್ಧಕ್ಕೇ ಹಿಡಿದು ನಿಲ್ಲಿಸುತ್ತೆ. ಅದಕ್ಕೆ 24 ವೋಲ್ಟ್ ಬ್ಯಾಟರಿ ಸರಿಹೊಂದುತ್ತೆ.

ಗಂಟಿಲ್ಲದ, ನೇರ ಎಳೆಯ ಮರದ ಮೂರು ರೆಕ್ಕೆ. ಪಿವಿಸಿ ಪೈಪು ಕೊಯ್ದೂ ಮಾಡ್ತಾರೆ, ಬಿಸಿಲಿಗೆ ಎರಡು ಮೂರು ವರ್ಷದಲ್ಲಿ ಪುಡಿಪುಡಿ. ಸೋಲಾರ್ ಕಂಟ್ರೋಲರಿಗೆ ಗಾಳಿಯಂತ್ರ ಕೊಡಬೇಡಿ. ಬ್ಯಾಟರಿ ತುಂಬಿದಾಗ ಅದು ಸಂಪರ್ಕ ಕಡಿಯುತ್ತೆ. ಪ್ಯಾನಲಿಗೆ ಅದರಿಂದ ಏನೂ ಆಗಲ್ಲ, ಗಾಳಿಯಂತ್ರ ಮಾತ್ರ ಲೋಡಿಲ್ಲದೆ ಹುಚ್ಚೆದ್ದು ತಿರುಗುತ್ತೆ. 12 ಮೀಟರ್ ಗಾಳಿಲಿ ರೆಕ್ಕೆಯ ತುದಿ ಗಂಟೆಗೆ 400 ಕಿ.ಮೀ. ಹತ್ತಿರ ಹೋಗುತ್ತೆ. ಮಿಕ್ಕಿದ ಕರೆಂಟನ್ನ ಹೀಟರ್ ಕಾಯಿಲಿಗೆ ಸುರಿಯೋ ಡಂಪ್ ಲೋಡ್ ಕಂಟ್ರೋಲರೇ ಬೇಕು. 24 ವೋಲ್ಟಿನ ಬ್ಯಾಟರಿಗೆ 28.8 ವೋಲ್ಟಲ್ಲಿ 300 ವ್ಯಾಟ್ ಸುಡೋಕೆ 2.8 ಓಮಿನ ಕಾಯಿಲ್. ಕಂಬದ ಬುಡದಲ್ಲಿ ಮೂರೂ ಫೇಸನ್ನ ಶಾರ್ಟ್ ಮಾಡೋ ಒಂದು ಸ್ವಿಚ್, ಅದೇ ಬ್ರೇಕು. ಗಾಳಿ ಏರೋ ಮುಂಚೆ ಹಾಕಿ, ಏರಿದ ಮೇಲೆ ಹಾಕಿದರೆ ವೈಂಡಿಂಗ್ ಸುಡಬಹುದು. ಕಂಬ ಎರಡಿಂಚಿನ ಜಿಐ, ಬುಡದಲ್ಲಿ ಹಿಂಜ್, ನಾಲ್ಕು ಕಡೆ ಗೈ ವೈರು, ಮಲಗಿಸಿ ರಿಪೇರಿ ಮಾಡೋ ಹಾಗೆ.

ಕೆಜಿಎಫ್_ಮಲ್ಲಿ
ಶಿವನಸಮುದ್ರದಿಂದ 1902ರಲ್ಲೇ ಕರೆಂಟ್ ಬಂದ ಊರು ನಮ್ಮದು, ಈಗ ಮಳೆ ಹನಿ ಬಿದ್ದರೆ ಹೋಗುತ್ತೆ! ನನ್ನ ಪ್ರಶ್ನೆ: ಮನೇಲಿ ಮೊದಲೇ ಯುಪಿಎಸ್, 150ರ ಟ್ಯೂಬುಲರ್ ಇದೆ. 335 ವ್ಯಾಟಿನ ಪ್ಯಾನಲ್, ಎಂಪಿಪಿಟಿ ತಂದು ಅದೇ ಬ್ಯಾಟರಿಗೆ ಸೇರಿಸಿದ್ದು. ಬಿಸಿಲಿದ್ದರೂ ಒಂದೆರಡು ಆಂಪ್ ಮೇಲೆ ಏರಲ್ಲ. ಪ್ಯಾನಲ್ ಕೆಟ್ಟಿದೆಯಾ?

ವೈರ್‌ಮ್ಯಾನ್_ಗೌರಿಬಿದನೂರು
ಪ್ಯಾನಲ್ ಚೆನ್ನಾಗಿದೆ ಅಕ್ಕ. ರಾತ್ರಿಯೆಲ್ಲ ಯುಪಿಎಸ್ ಬೆಸ್ಕಾಂ ಕರೆಂಟಲ್ಲಿ ಬ್ಯಾಟರಿ ತುಂಬಿಸಿರುತ್ತೆ, ಮನೆ ಲೋಡೂ ಲೈನಿನ ಮೇಲೇ ಓಡ್ತಿರುತ್ತೆ. ಪ್ಯಾನಲ್ ಕರೆಂಟಿಗೆ ಹೋಗೋ ಜಾಗವೇ ಇಲ್ಲ. ಯುಪಿಎಸ್‌ನ ಮೈನ್ಸ್ ಇನ್‌ಪುಟ್ಟಿಗೆ ಒಂದು 16 ಆಂಪ್ ಟೈಮರ್ ಸ್ವಿಚ್ ಹಾಕಿ, ಬೆಳಗ್ಗೆ 8ರಿಂದ ಸಾಯಂಕಾಲ 4ರವರೆಗೆ ಮೈನ್ಸ್ ಕಟ್ ಆಗಲಿ. ಮನೆ ಲೋಡು ಬ್ಯಾಟರಿ ಮೇಲೆ ಬರುತ್ತೆ, ಪ್ಯಾನಲ್ ಅದನ್ನ ತುಂಬುತ್ತೆ. ಫ್ರಿಜ್ ಯುಪಿಎಸ್ ಲೈನಲ್ಲಿದ್ದರೆ ಮೊದಲು ತೆಗೀರಿ.

ಇದೇ ಸಂದರ್ಭಕ್ಕೆ: ಆನ್‌ಲೈನಲ್ಲಿ ಸಿಗೋ ‘ಪ್ಲಗ್ಗಿಗೆ ಸಿಕ್ಕಿಸಿ’ ಅನ್ನೋ ಗ್ರಿಡ್ ಟೈ ಇನ್ವರ್ಟರ್ ತರಬೇಡಿ. ಬೆಸ್ಕಾಂ ಅನುಮತಿ, ನೆಟ್ ಮೀಟರ್ ಇಲ್ಲದೆ ಅದು ಕಾನೂನಿಗೆ ವಿರುದ್ಧ. ಅದೂ ಅಲ್ಲದೆ ಈಗಿನ ಎಷ್ಟೋ ಎಲೆಕ್ಟ್ರಾನಿಕ್ ಮೀಟರು ಹೊರಗೆ ಹೋಗೋ ಕರೆಂಟನ್ನೂ ಬಳಕೆ ಅಂತಲೇ ಎಣಿಸುತ್ತೆ. ನೀವು ಕೊಟ್ಟ ಕರೆಂಟಿಗೆ ನೀವೇ ಬಿಲ್ ಕಟ್ಟಬೇಕಾಗುತ್ತೆ.

ಶಿರಾ_ತೋಟದಮನೆ
ಗಾಳಿ ಸದ್ಯಕ್ಕೆ ಕೈಬಿಟ್ಟೆ, ಆ ದುಡ್ಡಿಗೆ ಎರಡನೇ ಪ್ಯಾನಲ್ ನೋಡ್ತೀನಿ. ಸಿಡಿಲಿನ ಬಗ್ಗೆ ಯಾರೂ ಹೇಳಲಿಲ್ಲ. ಜೋಡಿಸೋದರಲ್ಲಿ ಮೊದಲು ಯಾವುದು, ಆಮೇಲೆ ಯಾವುದು?

ವೈರ್‌ಮ್ಯಾನ್_ಗೌರಿಬಿದನೂರು
ನಮ್ಮದು ಗರಸು ಮಣ್ಣು, ಬೇಸಿಗೆಲಿ ಪೂರ್ತಿ ಒಣಗುತ್ತೆ, ಸಿಡಿಲೂ ಆಗಲೇ ಜಾಸ್ತಿ. ಎರಡೂವರೆ ಮೂರು ಮೀಟರಿನ ತಾಮ್ರ ಲೇಪದ ರಾಡು, ಸುತ್ತ ಬೆಂಟೊನೈಟ್ ಪುಡಿ, ಮೇಲೆ ನೀರು ಹಾಕೋ ಗುಂಡಿ. ಪ್ಯಾನಲ್ ಫ್ರೇಮಿನಿಂದ 6 ಸ್ಕ್ವೇರ್ ಎಂಎಂ ಹಸಿರು ವೈರು. ಅಲ್ಯುಮಿನಿಯಂ ಮೇಲಿನ ಪದರ ಕರೆಂಟ್ ಬಿಡಲ್ಲ, ಸ್ಟಾರ್ ವಾಷರ್ ಹಾಕಿ ಕೊರೆದು ಕೂರೋ ಹಾಗೆ ಬಿಗೀರಿ. ಡಿಸಿ ಎಸ್‌ಪಿಡಿ (ದಿಢೀರ್ ಏರೋ ವೋಲ್ಟೇಜನ್ನ ಅರ್ಥಿಂಗಿಗೆ ಹರಿಸೋ ಸಾಧನ) ಒಂದು ಕಂಟ್ರೋಲರ್ ಹತ್ತಿರ ಇರಲಿ. ನೇರ ಸಿಡಿಲು ಬಿದ್ದರೆ ಇದ್ಯಾವುದೂ ತಡೆಯಲ್ಲ, ಹತ್ತಿರದಲ್ಲಿ ಬಿದ್ದದ್ದನ್ನ ತಡೆಯುತ್ತೆ. ಗುಡುಗು ಶುರುವಾದ ಮೇಲೆ ಎಂಸಿಬಿ ಮುಟ್ಟೋಕೆ ಹೋಗಬೇಡಿ, ಮೋಡ ಕಟ್ಟಿದಾಗಲೇ ಇಳಿಸಿ.

ಜೋಡಿಸುವಾಗ ಮೊದಲು ಕಂಟ್ರೋಲರಿಗೆ ಬ್ಯಾಟರಿ. ಪರದೆ ಮೇಲೆ ವೋಲ್ಟೇಜ್ ಬಂದ ಮೇಲೆ ಲಿಥಿಯಂ ಸೆಟ್ಟಿಂಗ್ ಮಾಡಿ. ಪ್ಯಾನಲ್ ವೈರಿನ ಪ್ಲಸ್ ಮೈನಸ್ ಮೀಟರಲ್ಲಿ ನೋಡಿ, ಎಂಸಿಬಿ ಆಫ್ ಇಟ್ಟು ಸೇರಿಸಿ, ಆಮೇಲೆ ಆನ್. ಕೊನೆಗೆ ಇನ್ವರ್ಟರ್, ಅದರ ಟರ್ಮಿನಲ್ ಮುಟ್ಟಿಸುವಾಗ ಕೆಪಾಸಿಟರ್ ತುಂಬೋ ಕಿಡಿ ಒಂದು ಬರುತ್ತೆ, ಗಾಬರಿ ಬೇಡ. ಬಿಚ್ಚುವಾಗ ಮೊದಲು ಇನ್ವರ್ಟರ್ ಆಫ್, ಆಮೇಲೆ ಪ್ಯಾನಲ್, ಕೊನೆಗೆ ಬ್ಯಾಟರಿ. ಎಳೆ ವೈರು ಅದುಮಿಕೊಂಡು ಸಡಿಲವಾಗುತ್ತೆ, ಒಂದು ತಿಂಗಳಾದ ಮೇಲೆ ಎಲ್ಲ ಸ್ಕ್ರೂನೂ ಇನ್ನೊಂದು ಸಲ ಬಿಗೀರಿ. ಕಂಟ್ರೋಲರನ್ನ ಮರದ ಹಲಗೆ ಮೇಲೆ ಬೇಡ, ಗೋಡೆಗೆ ನೇರ, ಮೇಲೆ ಕೆಳಗೆ ಅರ್ಧ ಅಡಿ ಜಾಗ ಬಿಟ್ಟು.

ಲೇತ್_ಮಾಲೂರು
ಎರಡನೇ ಪ್ಯಾನಲ್ ಹಾಕಿದರೆ 12 ವೋಲ್ಟಿಗೆ 40 ಆಂಪಿನ ಕಂಟ್ರೋಲರ್ ಸಾಲಲ್ಲ ಅಣ್ಣ, ಅರ್ಧ ಕರೆಂಟು ಹಾಗೇ ನಿಲ್ಲುತ್ತೆ. ಈಗಲೇ 24 ವೋಲ್ಟಿನ ಬ್ಯಾಟರಿ, ಇನ್ವರ್ಟರ್ ತಗೊಂಡರೆ ಅದೇ ಕಂಟ್ರೋಲರಿನಲ್ಲಿ ಎರಡೂ ಪ್ಯಾನಲ್ ನಡೆಯುತ್ತೆ, ವೈರೂ ಸಣ್ಣದಾಗುತ್ತೆ. ಫ್ಯಾನ್ ಮಾತ್ರ ಆಗ 12 ವೋಲ್ಟಿನದಲ್ಲ, ಮಾಮೂಲಿ 230 ವೋಲ್ಟಿನ ಬಿಎಲ್‌ಡಿಸಿ ತಗೊಳ್ಳಿ.